ನನ್ನ ಹೆಂಡತಿಗೆ ಅಕ್ಷರ ಕಲಿಸಿದವರು

ಇಪ್ಪತ್ತರ ದಶಕದ ಕೊನೆಯ ವರ್ಷಗಳ ಮಾತು. ಬೆಳಗಾವಿಯಲ್ಲಿ ಮಾಸ್ತರಿಕೆಯ ಟ್ರೇನಿಂಗ್ ಮುಗಿಸಿ ನಾನು ಖಾನಾಪುರದ ಗಂಡುಮಕ್ಕಳ ಸಾಲೆಗೆ ಸೇರಿದ್ದೆ. ಎಂಥ ಮೊದ್ದು ಹುಡುಗನಿಗೂ ಓದು ಬರಿಸುತ್ತೇನೆಂಬ ಹೆಸರು ನನಗಿತ್ತು. ನನ್ನ ಕೈಯಲ್ಲಿ ಕಲಿಯದೆ ಉಳಿದವಳು ನನ್ನ ಹೆಂಡತಿ ಒಬ್ಬಳೇ.

ಪ್ರಯತ್ನ ಮಾಡಲಿಲ್ಲವೆಂದಲ್ಲ. ಪಾಟಿ ಬಳಪ ತಂದುಕೊಟ್ಟೆ. ಒಂದೊಂದೇ ಅಕ್ಷರವನ್ನು ಪಾಟಿ ತುಂಬ ತಿದ್ದಿಸಿದೆ. ತಪ್ಪಿದಾಗ ಸಾಲೆಯಲ್ಲಿ ಗದರಿಸುವಂತೆ ಗದರಿಸಿದೆ. ಕಲಿಸುವವನು ಗದರಿಸದೆ ಇನ್ನೇನು ಮಾಡಬೇಕು? ಮೂರು ಮಕ್ಕಳ ತಾಯಿ, ಒಂದು ದಿನ ಪಾಟಿಯನ್ನು ರೊಟ್ಟಿ ಬುಟ್ಟಿಗೆ ಮುಚ್ಚಳ ಮಾಡಿ, "ನನ್ನ ತಲ್ಯಾಗ ಇದು ಇಳ್ಯಾಂಗಿಲ್ರಿ, ಬಿಟ್ಟಬಿಡ್ರಿ" ಎಂದಳು. ಅವಳ ತಲೆಯೇ ಹಾಗೆ ಎಂದುಕೊಂಡು ನಾನು ನೆಮ್ಮದಿಯಾಗಿದ್ದೆ.

ಆ ನೆಮ್ಮದಿಗೆ ಕಲ್ಲು ಹಾಕಲು ಬೆಳಗಾವಿಯಿಂದ ಒಬ್ಬ ಶಿಕ್ಷಕಿ ಬಂದರು. ವಾರಕ್ಕೆರಡು ಸಲ ರೈಲಿಳಿದು, ನಮ್ಮ ಓಣಿಯ ಬಟ್ಟೆ ವ್ಯಾಪಾರಿಯ ಪಡಸಾಲೆಯಲ್ಲಿ ಮಧ್ಯಾಹ್ನ ದೊಡ್ಡ ಹೆಂಗಸರಿಗೆ ಓದು ಕಲಿಸುತ್ತಿದ್ದರು. ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಿದ್ದರು. ನನ್ನ ಹೆಂಡತಿ ಸುಮ್ಮನೆ ನೋಡಿಬರುತ್ತೇನೆಂದು ಹೋದವಳು ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ನಾನು ಊಟಕ್ಕೆ ಕುಳಿತರೆ ಪಲ್ಯಕ್ಕಿಂತ ಮೊದಲು ಅಕ್ಕೋರ ಮಾತು ಬಡಿಸುತ್ತಿದ್ದಳು. "ಅಕ್ಕೋರು ಒಂದಿನಾನೂ ಗದರಂಗಿಲ್ರಿ." "ನಾವು ತಪ್ಪಿದ್ರ, ನಂದೂ ಮೊದಲನೇ ಹೋಳಿಗಿ ಹರದಿತ್ತವ್ವಾ ಅಂತ ಅವರ ನಗತಾರ್ರಿ." ನಾನು ರೊಟ್ಟಿ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಮನೆಯಲ್ಲೇ ಮಾಸ್ತರನಿರುವಾಗ ಇವಳಿಗೆ ರೈಲಿನಲ್ಲಿ ಬರುವವರು ಬೇಕೇ?

ಒಂದು ಶನಿವಾರ ಅರ್ಧ ದಿನದ ಸಾಲೆ ಮುಗಿದ ಮೇಲೆ, ಅಂಗಿ ಹೊಲಿಸುವ ನೆಪ ಮಾಡಿ ಎದುರಿನ ಸಿಂಪಿಗನ ಕಟ್ಟೆಯ ಮೇಲೆ ಕುಳಿತೆ. ಪಡಸಾಲೆಯ ಬಾಗಿಲು ತೆರೆದಿತ್ತು. ಪುಸ್ತಕವಿಲ್ಲ, ಅಆಇಈ ಇಲ್ಲ! ಹೆಂಗಸರು ಸರದಿಯ ಮೇಲೆ ಒಡಪು ಹೇಳುತ್ತಿದ್ದರು. ಗಂಡನ ಹೆಸರು ಬಾಯಿಬಿಟ್ಟು ಹೇಳದ ನಮ್ಮ ಹೆಣ್ಣುಮಕ್ಕಳು ಮದುವೆ ಮುಂಜಿಗಳಲ್ಲಿ ಪ್ರಾಸ ಕಟ್ಟಿ, ನಡುವೆ ಆ ಹೆಸರು ಸೇರಿಸಿ ನಗಿಸುತ್ತಾರಲ್ಲ, ಅದೇ. ಹತ್ತಿರದ ಬೀಡಿ ಎಂಬ ಊರಿನಿಂದ ಬಂದ ಸೊಸೆಯೊಬ್ಬಳು ಹೇಳಿದಳು: "ಬೀಡಿ ಸಂತ್ಯಾಗ ಇಟಗೊಂಡೆ ಹಸರ ಬಳಿ, ನಮ್ಮ ರಾಯರು ಛತ್ರಿ ಮರತ ದಿನಾನ ಬರಲಿ ಮಳಿ!" ನಾನಿಲ್ಲಿ ರಾಯರು ಎಂದು ಬರೆದಲ್ಲಿ ಅವಳು ಗಂಡನ ಹೆಸರನ್ನೇ ಹೇಳಿದ್ದಳು. ಅಕ್ಕೋರು ಅವಳ ಮಾತನ್ನು ಒಂದಿಷ್ಟೂ ತಿದ್ದದೆ ಹಲಗೆಯ ಮೇಲೆ ಬರೆದರು. ತನ್ನದೇ ಮಾತು, ಬಾಯಿಪಾಠ ಬರುವಂಥದು. ಅವಳು ಬೆರಳಿಟ್ಟು ಸರಸರ ಓದಿದಳು. ಆಮೇಲೆ ಅಕ್ಕೋರು "ಬಳ್ಯಾಗಿನ ಳಿ ಮಳ್ಯಾಗ ಎಲ್ಲೈತಿ, ತೋರಸ್ರಿ" ಎಂದರೆ ಇಡೀ ಪಡಸಾಲೆಯೇ ಕೈ ಎತ್ತಿತು. ಕೈ ಎತ್ತಿದವರಲ್ಲಿ ನನ್ನವಳೂ ಇದ್ದಳು. ಅವಳ ಮುಖದ ಮೇಲೆ ಅಂಥ ಕಳೆಯನ್ನು ನಾನು ನೋಡಿರಲಿಲ್ಲ. ನನಗೆ ಸಂತೋಷವಾಗಬೇಕಿತ್ತು, ಹೊಟ್ಟೆ ಉರಿಯಿತು.

ಇಷ್ಟೇ ತಾನೆ, ಇದನ್ನು ನಾನೂ ಮಾಡಬಲ್ಲೆ ಅನ್ನಿಸಿತು. ಇವಳು ನನ್ನ ಕೈಯಲ್ಲಿ ಒಂದು ಸಾಲು ಬರೆದರೆ ಸಾಕು, ಆ ಅಕ್ಕೋರ ಸುದ್ದಿ ನಮ್ಮ ಮನೆಯಲ್ಲಿ ನಿಲ್ಲುತ್ತದೆ. ಮರುದಿನ ಮಧ್ಯಾಹ್ನ ಮಕ್ಕಳನ್ನು ಹೊರಗೆ ಆಡಲು ಅಟ್ಟಿ, ಪಾಟಿ ಹಿಡಿದು ಅವಳ ಎದುರು ಕುಳಿತೆ.

"ಒಂದು ಒಡಪ ಹೇಳು. ನಾ ಬರೀತೀನಿ, ನೀ ಓದು."

ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. "ಅಯ್ಯ, ನಾವಿಬ್ಬರ ಇದ್ದಾಗ ಎಂಥಾ ಒಡಪರಿ? ನಿಮ್ಮ ಹೆಸರ ನಿಮಗ ಹೆಂಗ ಹೇಳ್ಲಿ?"

"ಹೇಳಬ್ಯಾಡ. ಬರಿ."

"ಬರದೇನಲ್ರಿ, ಮೊನ್ನೆ ಸಾಲ್ಯಾಗ. ಅಕ್ಕೋರು ಓದಿ ಭಾಳ ಛಂದ ಐತಿ ಅಂದ್ರು. ಎಲ್ಲಾರೂ ಓದಿ ಬಿದ್ದಬಿದ್ದ ನಕ್ಕರ್ರಿ."

"ಎಲ್ಲೈತಿ ಅದು?"

"ಒರಸಿ ಬಂದೆ. ಗಂಡನ ಹೆಸರ ಪಾಟೀ ಮ್ಯಾಲ ಇಟಗೊಂಡು ಓಣಿ ತುಂಬ ತಿರಗಾಕ ಆಗತೈತೇನ್ರಿ?"

ಅವಳು ನನ್ನ ಹೆಸರು ಬರೆದಿದ್ದಳು. ಓಣಿಯ ಹೆಂಗಸರೆಲ್ಲ ಅದನ್ನು ಓದಿದ್ದರು, ಮುಖ್ಯವಾಗಿ ಆ ಅಕ್ಕೋರು ಓದಿದ್ದರು. ಅದು ಯಾರ ಹೆಸರೋ ಅವನಿಗೊಬ್ಬನಿಗೆ ಕಂಡಿರಲಿಲ್ಲ.

"ಈಗ ಬರಿ, ನಾ ನೋಡಬೇಕು" ಎಂದು ಬಳಪ ಕೊಟ್ಟೆ. ದನಿ ಎತ್ತರಿಸಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಅವಳು ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಒಂದು ಗೆರೆ ಎಳೆದಳು, ನನ್ನ ಮುಖ ನೋಡಿದಳು. ನಗೆ ಹೋಗಿತ್ತು. ಆ ಗೆರೆಯನ್ನು ಹೆಬ್ಬೆರಳಿನಿಂದ ಒರೆಸಿ ಬಳಪವನ್ನು ಮೆಲ್ಲಗೆ ನನ್ನ ಕೈಗೇ ಕೊಟ್ಟಳು.

"ಸಿಟ್ಟಾಗಬ್ಯಾಡ್ರಿ. ಅಲ್ಲೆ ಕುಂತ್ರ ಎಲ್ಲಾ ಬರತೈತಿ. ನಿಮ್ಮ ಮುಂದ ಕುಂತ್ರ ನನಗ ಒಂದಕ್ಷರಾನೂ ನೆನಪಾಗಂಗಿಲ್ರಿ."