ನಂಜಿನ ಡಾಕ್ಟರು
ದಾವಣಗೆರೆಯ ಆಸ್ಪತ್ರೆಯೊಂದರ ಐಸಿಯು ಬಾಗಿಲಿಗೆ ದಿನಕ್ಕೆರಡು ಸಲ ಬಂದು ನಿಲ್ಲುವ ಡಾಕ್ಟರ್ ಬಸವಕಿರಣ್ ಬಿಡಿಸಿ ಹೇಳಿದಷ್ಟೂ ನನಗೆ ಗೊಂದಲ ಹೆಚ್ಚುತ್ತದೆ. ಭಾನುವಳ್ಳಿಯ ಗದ್ದೆಯಲ್ಲಿ ಮುಳ್ಳು ತುಳಿದ ನನ್ನ ತಂಗಿ ಓಬವ್ವ, ಮೈಗೆಲ್ಲ ನಂಜು ಏರಿ ಒಳಗೆ ಮಲಗಿದ್ದಾಳೆ. ಜ್ವರ ಬಿಟ್ಟಿತೆಂದು ನಾವು ಖುಷಿಪಟ್ಟರೆ, ‘ಮೈ ತಣ್ಣಗಾಗೈತೆ, ಅದಕ್ಕೇ ನಂಗೆ ಚಿಂತೆ’ ಎನ್ನುತ್ತಾರೆ. ಮೊದಲ ದಿನ ಬಾಟಲಿಗಟ್ಟಲೆ ನೀರು ಏರಿಸಿದವರು, ಮೂರನೆಯ ದಿನ ಅದೇ ನೀರು ಇಳಿಸಲು ಔಷಧಿ ಕೊಡುತ್ತಾರೆ. ಉಚ್ಚೆಯ ಚೀಲ ತುಂಬಿದರೆ ಮಗ ಪಾಸಾದಷ್ಟು ಹಿಗ್ಗುತ್ತಾರೆ. ನಮ್ಮಂತೆಯೇ ಕಾಯುತ್ತಿರುವ ಹರಿಹರದ ಮುರುಗೇಶಪ್ಪನವರು, ‘ಏನ್ರಿ, ನೀವು ಡಾಕ್ಟ್ರೋ, ಕಾಲುವೆ ನೀರು ಬಿಡೋರೋ?’ ಅಂದಾಗ, ‘ಎರಡೂ ಒಂದೇ ಕೆಲ್ಸ ರೀ. ಕಮ್ಮಿಯಾದ್ರೆ ಒಣಗತೈತೆ, ಹೆಚ್ಚಾದ್ರೆ ಕೊಳಿತೈತೆ’ ಅಂದರು. ನಿನ್ನೆ ನನ್ನೊಬ್ಬಳನ್ನು ಒಳಗೆ ಬಿಟ್ಟರು. ಡಾಕ್ಟರು ಓಬವ್ವನ ಉಗುರು ಒತ್ತಿ, ಬಿಳುಚಿದ್ದು ಮತ್ತೆ ಕೆಂಪಾಗುವವರೆಗೆ ತುಟಿಯಲ್ಲೇ ಎಣಿಸುತ್ತಿದ್ದರು. ಆಮೇಲೆ ತಮ್ಮದೇ ಉಗುರು ಒತ್ತಿ ಎಣಿಸಿದರು, ಮತ್ತೆ ಅವಳದು. ‘ಉಳೀತಾಳೇನಪ್ಪ?’ ಎಂದೆ. ‘ನಂಗೂ ಗೊತ್ತಿಲ್ಲವ್ವ’ ಎಂದರು. ಐದು ದಿನಗಳಲ್ಲಿ ನನಗೆ ಪೂರ್ತಿ ಅರ್ಥವಾದ ಮಾತು ಅದೊಂದೇ. ಅವಳ ಕೈ ಬಿಡದೆ, ಕಾಲಿನಿಂದಲೇ ಕುರ್ಚಿ ಎಳೆದುಕೊಂಡು ಅವರು ಅಲ್ಲೇ ಕೂತರು.