ಉಡಿದಾರಕ್ಕೊಂದು ಸೀರೆಯ ಚೂರು

ಯಲಹಂಕದ ಕೋಗಿಲು ಬಳಿ ಏಳುತ್ತಿರುವ ಅಪಾರ್ಟ್‌ಮೆಂಟಿನ ನೆಲಮಹಡಿಗೆ ಇನ್ನೂ ಬೆಳಕು ಹರಿದಿಲ್ಲ. ಮುನಿನಾರಾಯಣಮ್ಮ ಆಗಲೇ ಸಿಮೆಂಟ್ ಚೀಲ ಬಿಚ್ಚಿ ಹೊಲಿದ ಚಾಪೆ ಹಾಸಿ, ಹಳೆಯ ಛತ್ರಿಯೊಂದನ್ನು ತಲೆಕೆಳಗಾಗಿ ನೇತುಹಾಕುತ್ತಿದ್ದಾರೆ. ಬಟ್ಟೆ ಹೋಗಿ ಕಡ್ಡಿಗಳಷ್ಟೇ ಉಳಿದಿರುವ ಛತ್ರಿ. ಒಂದೊಂದು ಕಡ್ಡಿಗೂ ಒಂದೊಂದು ಪುಟ್ಟ ಚಡ್ಡಿ. ಗಾಳಿ ಬೀಸಿದರೆ ಎಲ್ಲವೂ ಒಟ್ಟಿಗೆ ತಿರುಗುತ್ತವೆ. ಕೆಳಗೆ ಮಲಗಿದ ಕೂಸುಗಳು ಅದನ್ನೇ ನೋಡುತ್ತ ಅಳು ಮರೆಯುತ್ತವೆ.

ಮೇಲೆ ಗಾರೆ ಹೊರುವ ಹೆಂಗಸರ ಮಕ್ಕಳನ್ನು ದಿನವಿಡೀ ನೋಡಿಕೊಳ್ಳುವುದು ಇವರ ಕೆಲಸ. ಇಪ್ಪತ್ತಕ್ಕೆ ಕಡಿಮೆ ಇರುವುದೇ ಇಲ್ಲ. ಆಟಿಕೆ ಎಂದು ಯಾರೂ ಏನೂ ಕೊಟ್ಟಿಲ್ಲ. ಶಾಂಪೂ ಬಾಟಲಿಗೆ ಹಿಡಿ ರಾಗಿ ಬಿದ್ದರೆ ಗಿಲಕಿ. ಸವೆದ ಹವಾಯಿ ಚಪ್ಪಲಿಯನ್ನು ದುಂಡಗೆ ಕತ್ತರಿಸಿದರೆ ಗಾಡಿಯ ಚಕ್ರ. ಪೌಡರ್ ಡಬ್ಬದ ತಳಕ್ಕೆ ಮೊಳೆ ಹೊಡೆದು ನೀರು ತುಂಬಿದರೆ ಮಳೆ. ಊಟಕ್ಕೆ ಮುಂಚೆ ಆ ಮಳೆಯಲ್ಲಿ ಕೈ ತೊಳೆಯಲು ನೂಕುನುಗ್ಗಲು.

“ಯಾವ್ದನ್ನೇ ಆಗ್ಲಿ, ಎಸೆಯೋಕ್ ಮುಂಚೆ ಒಂದ್ಸಲ ಅಲ್ಲಾಡಿಸ್ತೀನಿ ಕಣಮ್ಮ. ಸದ್ದು ಬಂದ್ರೆ ಆಟದ ಸಾಮಾನು, ಬರ್ದಿದ್ರೆ ಪಾತ್ರೆ” ಎನ್ನುತ್ತಾರೆ.

ಎರಡು ಕಂಬಗಳ ನಡುವಿನ ತೊಟ್ಟಿಲು ಅವರ ತಾಯಿಯ ನೇರಳೆ ಸೀರೆಯದು. ತಾಯಿ ಹೋದ ಮೇಲೆ ಉಳಿದದ್ದು ಅದೊಂದೇ. ೨೦೦೮ರಲ್ಲಿ, ಬೇರೊಂದು ಕಟ್ಟಡದಲ್ಲಿ, ಈ ಕೆಲಸಕ್ಕೆ ಸೇರಿದಾಗ ಅದರಲ್ಲಿ ಮೊದಲು ಮಲಗಿದವನು ಮುನೀಂದ್ರ ಎಂಬ ಕೂಸು. ಒಂದು ಬೆಳಿಗ್ಗೆ ನೀರು ತರಲು ಹೋಗಿ ಬರುವಷ್ಟರಲ್ಲಿ ಅವನ ಮನೆಯವರು ಬೇರೆ ಕೆಲಸಕ್ಕೆ ಹೊರಟುಹೋಗಿದ್ದರು. ತೊಟ್ಟಿಲು ಇನ್ನೂ ತೂಗುತ್ತಲೇ ಇತ್ತಂತೆ.

“ಎತ್ಲಾಗ್ ಹೋದ್ರು ಅಂತ ಕೇಳೋಕೂ ಯಾರೂ ಇರ್ಲಿಲ್ಲ.”

ಅಂದಿನಿಂದ ಒಂದು ರೂಢಿ. ಯಾವ ಮಗು ಹೊರಟರೂ ತೊಟ್ಟಿಲ ಸೀರೆಯಿಂದ ಬೆರಳಗಲದ ಚೂರು ಹರಿದು ಅದರ ಉಡಿದಾರಕ್ಕೆ ಕಟ್ಟುತ್ತಾರೆ. ನಮ್ಮಜ್ಜಿಯ ಕಥೆಗಳಲ್ಲಿ ಕಳೆದುಹೋದ ರಾಜಕುಮಾರನ ಬೆರಳಿನಲ್ಲಿ ಉಂಗುರವಿರುತ್ತಿತ್ತು, ತಾಯಿ ಎಷ್ಟೋ ವರ್ಷಗಳ ಮೇಲೆ ಗುರುತು ಹಿಡಿಯಲೆಂದು. ಇಲ್ಲಿ ಉಂಗುರದ ಬದಲು ನೇರಳೆ ಚೂರು.

ಒಮ್ಮೆ ಯಲಹಂಕ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗನ ಸೊಂಟದಲ್ಲಿ ಅದೇ ಬಣ್ಣ ಕಂಡು ಓಡಿಹೋಗಿ ಅಂಗಿ ಎತ್ತಿ ನೋಡಿದ್ದರು. ಅದು ದೇವರಿಗೆ ಹರಕೆ ಕಟ್ಟಿದ ಬಟ್ಟೆ. ಹುಡುಗನ ತಾಯಿ ನಾಲ್ಕು ಜನ ಸೇರುವಂತೆ ಬೈದಳಂತೆ. ಅದನ್ನು ಹೇಳುತ್ತ ಅವರಿಗೆ ನಗು.

ನಾನು ಹೋದ ದಿನ ಗಾರೆ ಹೊರುವ ದಾನವ್ವನ ಎರಡೂವರೆ ವರ್ಷದ ಮಗಳು ನಿಂಗಿ ಹೊರಡುವವಳಿದ್ದಳು. ಹೆಸರಘಟ್ಟದ ಕಡೆ ಹೊಸ ಕೆಲಸ. ಆದರೆ ಸೀರೆ ಹರಿದು ಹರಿದು ಗಿಡ್ಡವಾಗಿದೆ. ಇನ್ನೊಂದು ಚೂರು ತೆಗೆದರೆ ಗಂಟು ನಿಲ್ಲುವುದಿಲ್ಲ. ತೊಟ್ಟಿಲಲ್ಲಿ ಮೂರು ತಿಂಗಳ ಕೂಸು ನಿದ್ದೆಯಲ್ಲಿದೆ.

“ಬ್ಯಾಡ ಬಿಡವ್ವಾ, ತೊಟ್ಟಿಲ ಕೆಡಸಬ್ಯಾಡ. ನಿಂಗಿ ನಿನ್ನ ಮರೆಯಂಗಿಲ್ಲ” ಎಂದಳು ದಾನವ್ವ.

“ಮಧ್ಯಾಹ್ನದೊಳ್ಗೆ ಮರ್ತೋಯ್ತಾಳೆ, ಸುಮ್ನಿರೇ.”

ಹೊರಗೆ ಲಾರಿ ಹಾರ್ನ್ ಹೊಡೆಯಿತು. ಮುನಿನಾರಾಯಣಮ್ಮ ತೊಟ್ಟಿಲನ್ನೂ ನಿಂಗಿಯನ್ನೂ ನೋಡಿದರು. ಮತ್ತೊಂದು ಹಾರ್ನ್. ಮಲಗಿದ್ದ ಕೂಸನ್ನು ಮೆಲ್ಲಗೆ ಎತ್ತಿ ಚಾಪೆಗೆ ಇಳಿಸಿ, ಗಂಟು ಬಿಚ್ಚಿ, ಹಲ್ಲಿನಿಂದ ಕಚ್ಚಿ ಪರ್‍ರನೆ ಹರಿದರು. ಉಡಿದಾರಕ್ಕೆ ಕಟ್ಟುವಾಗ ನಿಂಗಿಗೆ ಕಚಗುಳಿಯಾಗಿ ನಗು ತಡೆಯದು. ಚೂರು ಕಟ್ಟಿದ ಮೇಲೆ ಅವಳು ಲಾರಿಯ ಕಡೆ ಓಡಿದಳು, ತಿರುಗಿ ನೋಡಲಿಲ್ಲ.

ಲಾರಿಯ ಸದ್ದು ಪೂರ್ತಿ ಅಡಗುವವರೆಗೂ ಮುನಿನಾರಾಯಣಮ್ಮ ಕೆಲಸಕ್ಕೆ ಕೈಹಾಕಲಿಲ್ಲ. ಆಮೇಲೆ ತಮ್ಮ ಚೀಲದಿಂದ ಮಡಿಕೆ ಬಿಚ್ಚದ ಸೀರೆಯೊಂದನ್ನು ತೆಗೆದರು. ಮದುವೆ ಮುಂಜಿಗೆಂದು ಎತ್ತಿಟ್ಟ, ನಾದಿನಿ ಕೊಟ್ಟ ಸೀರೆ. ಅದರ ಕಣ್ಣು ಕುಕ್ಕುವ ಬಣ್ಣ ನೋಡಿ ಓಣಿಯವರೆಲ್ಲ ಗೇಲಿ ಮಾಡಿದ್ದರಂತೆ. ಅದನ್ನೇ ಕಂಬಕ್ಕೆ ಬಿಗಿದು, ತಾಯಿಯ ಸೀರೆಯಲ್ಲಿ ಉಳಿದದ್ದನ್ನು ಮಡಚಿ ತೊಟ್ಟಿಲ ತಳಕ್ಕೆ ಹಾಸಿ, ಕೂಸನ್ನು ಮತ್ತೆ ಮಲಗಿಸಿದರು.

ಯಾವ ಮಗುವಾದರೂ ತಿರುಗಿ ಬಂದಿದೆಯೇ ಎಂದು ಕೇಳಿದೆ. ಅವರು ತೊಟ್ಟಿಲಿಗೆ ಒಂದು ಜೀಕು ಕೊಟ್ಟು, ಹೊಸ ಗಂಟನ್ನು ಒತ್ತಿ ನೋಡಿದರು.

“ಅವ್ವನ ಸೀರೆ ಒಬ್ರುನ್ನೂ ಕರ್ಕೊಂಡ್ ಬರ್ಲಿಲ್ಲ ಕಣಮ್ಮ. ಅದು ಮಾಸಿದ್ ಬಣ್ಣ. ನಂದು ನೋಡು, ಗಿಳಿಹಸ್ರು. ಬಸ್‌ಸ್ಟ್ಯಾಂಡಲ್ಲಿ ಆ ಕಡೆ ನಿಂತಿದ್ರೂ ಕಾಣ್ತದೆ.”