ರಿಮ್ ಬ್ರೇಕಿನ ಮಚ್ಛೇಂದ್ರ ಕಾಕಾ

ಬೀದರಿನ ನಮ್ಮ ಸೈಕಲ್ ಗುಂಪಿನಲ್ಲಿ ಒಂಬತ್ತು ಜನ. ಅವರಲ್ಲಿ ಎಂಟು ಜನರ ಸೈಕಲ್ಲಿಗೆ ಡಿಸ್ಕ್ ಬ್ರೇಕ್, ಒಬ್ಬರದಕ್ಕೆ ಮಾತ್ರ ರಿಮ್ ಬ್ರೇಕ್. ಆ ಒಬ್ಬರೇ ಮಚ್ಛೇಂದ್ರ ಕಾಕಾ. ಗುಂಪು ಕಟ್ಟಿದವರೂ ಅವರೇ. ಈ ಮಾತನ್ನು ನಾವು ಎಂಟು ಜನ ಬಹಳ ಬೇಗ ಮರೆತೆವು.

ಕಾಕಾ ಔರಾದ ತಾಲ್ಲೂಕಿನ ಚಿಂತಾಕಿಯವರು. ಇಪ್ಪತ್ತೆರಡನೆಯ ವಯಸ್ಸಿಗೆ ಬೀದರ ಹತ್ತಿರದ ಕೊಳಾರದ ಕಾರ್ಖಾನೆಯೊಂದಕ್ಕೆ ಬಂದು ಗ್ರೈಂಡಿಂಗ್ ಯಂತ್ರದ ಮುಂದೆ ನಿಂತವರು, ಐವತ್ತೇಳಾದರೂ ಅಲ್ಲೇ ನಿಂತಿದ್ದಾರೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ ಯಂತ್ರದ ಸದ್ದಿನಲ್ಲಿ ಯಾರು ಕರೆದರೂ ತಮಗೆ ಕೇಳಿಸಲಿಲ್ಲ ಎಂದು ನಗುತ್ತಿದ್ದರು. ಕಾರ್ಖಾನೆಯ ಹಿಂದಿನ ಬಡಾವಣೆಯಲ್ಲಿ ಒಂದು ಖೋಲಿ, ಒಂದು ಸ್ಟವ್, ಗೋಡೆಗೆ ಬಾಬಾಸಾಹೇಬರ ಫೋಟೋ, ಅದರ ಪಕ್ಕದ ಮೊಳೆಗೆ ಸೈಕಲ್. ಸೋಮವಾರದಿಂದ ಶನಿವಾರದವರೆಗೆ ಅವರ ಜೊತೆ ಯಾರಾದರೂ ಹತ್ತು ಮಾತಾಡಿದರೆ ಅದೇ ಹೆಚ್ಚು. ಅವರ ವಾರವೆಂದರೆ ಭಾನುವಾರ ಒಂದೇ.

ಭಾನುವಾರ ಬೆಳಿಗ್ಗೆ ನಾವು ಒಂದು ಸಲ ಔರಾದ ಕಡೆ, ಒಂದು ಸಲ ಭಾಲ್ಕಿ ಕಡೆ ಹೋಗುತ್ತೇವೆ. ಒಬ್ಬರ ಹಿಂದಿನ ಗಾಲಿಗೂ ಇನ್ನೊಬ್ಬರ ಮುಂದಿನ ಗಾಲಿಗೂ ನಡುವೆ ಒಂದು ಮೊಳ ಜಾಗ. ಗಾಳಿಯನ್ನು ಮುಂದಿನವನು ಸೀಳುತ್ತಾನೆ, ಹಿಂದಿನವರು ಆರಾಮಾಗಿ ಬರುತ್ತಾರೆ. ಸಾಲು ಹಿಡಿಯುವುದನ್ನು ನಮಗೆಲ್ಲ ಕಲಿಸಿದವರು ಕಾಕಾ. ರಸ್ತೆಯಲ್ಲಿ ಗುಂಡಿ ಬಂದರೆ ಮುಂದಿನವನು ‘ಖಡ್ಡಾ’ ಎಂದು ಕೂಗಬೇಕು, ಎರಡನೆಯವನು ಮೂರನೆಯವನಿಗೆ ಅದನ್ನೇ ಕೂಗಬೇಕು, ಹಾಗೆ ಕೊನೆಯವನವರೆಗೆ. ನಮ್ಮ ಜಿಲ್ಲೆಯ ರಸ್ತೆಗಳ ದಯೆಯಿಂದ ಈ ಒಂದೇ ಶಬ್ದದಲ್ಲಿ ನಮ್ಮ ಮುಂಜಾವು ಕಳೆಯುತ್ತಿತ್ತು. ಕಾಕಾ ಅದನ್ನು ದೊಡ್ಡ ಸಂತೋಷದಿಂದ ಕೂಗುತ್ತಿದ್ದರು. ತಾವು ಕೂಗಿದ್ದು ಮತ್ತೊಬ್ಬರಿಗೆ ಕೇಳಿಸುತ್ತದೆ ಎಂಬುದೇ ಅವರಿಗೆ ಹಬ್ಬ.

ಮೊದಲು ಡಿಸ್ಕ್ ತಂದವನು ಬಸವಕಿರಣ, ಎಲೆಕ್ಟ್ರಿಕಲ್ ಅಂಗಡಿಯವನು. ಹಳೆಯ ರಿಮ್ ಬ್ರೇಕಿನಲ್ಲಿ ಎರಡು ರಬ್ಬರ್ ತುಂಡುಗಳು ಗಾಲಿಯ ಅಂಚನ್ನು ಅದುಮಿ ಹಿಡಿಯುತ್ತವೆ. ಹೊಸದರಲ್ಲಿ ಗಾಲಿಯ ನಡುವೆ ಒಂದು ಉಕ್ಕಿನ ತಟ್ಟೆ, ಆ ತಟ್ಟೆಯನ್ನು ಹಿಡಿದರೆ ಗಾಲಿ ನಿಲ್ಲುತ್ತದೆ. ಮಳೆಯಲ್ಲೂ ನಿಲ್ಲುತ್ತದೆ, ಒಂದೇ ಬೆರಳಿಗೆ ನಿಲ್ಲುತ್ತದೆ ಎಂದು ಬಸವಕಿರಣ ಹೇಳಿದ. ಹಾದಿಯಲ್ಲಿ ಕೆಟ್ಟರೆ ಔರಾದಿನಲ್ಲಿ ಯಾರು ರಿಪೇರಿ ಮಾಡುತ್ತಾರೆ, ತಮ್ಮದು ನಟ್ಟು ತಿರುಗಿಸುವ ಒಂದು ಪಾನಾ ಇದ್ದರೆ ಹೊಲದ ಬದುವಿನ ಮೇಲೆ ಕೂತು ಸರಿಯಾಗುತ್ತದೆ ಎಂದು ಕಾಕಾ ಹೇಳಿದರು. ಚಹಾದ ಜೊತೆ ಈ ಜಗಳ ನಾಲ್ಕು ವರ್ಷ ನಡೆಯಿತು. ಒಬ್ಬೊಬ್ಬರಾಗಿ ನಾವೆಲ್ಲ ಡಿಸ್ಕಿಗೆ ಹೋದೆವು. ನಾನೂ ಹೋದೆ. ಕಾಲೇಜೊಂದರ ಗ್ರಂಥಪಾಲಕನಾದ ನನಗೆ ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಿಂದ ಗಕ್ಕನೆ ನಿಲ್ಲುವ ಅಗತ್ಯ ಏನಿತ್ತೋ, ದೇವರೇ ಬಲ್ಲ. ಎಲ್ಲರೂ ಕೊಂಡರು, ನಾನೂ ಕೊಂಡೆ. ಕಾಕಾ ಮಾತ್ರ ಪ್ರತಿ ಸಲ ಒಂದೇ ಮಾತು ಹೇಳಿ ಚಹಾ ಮುಗಿಸುತ್ತಿದ್ದರು: “ಬ್ರೇಕ್ ನಿಲ್ಲಸಂಗಿಲ್ರಿ, ಕೈ ನಿಲ್ಲಸ್ತದ.”

ಹೋದ ಆಗಸ್ಟ್‌ನಲ್ಲಿ ಔರಾದ ರಸ್ತೆಯಲ್ಲಿ ಅದು ಆಯಿತು. ಮಾಂಜ್ರಾ ಸೇತುವೆಗಿಂತ ಮುಂಚಿನ ಇಳಿಜಾರು, ಜಿಟಿಜಿಟಿ ಮಳೆ. ಎಡಗಡೆಯಿಂದ ಎಮ್ಮೆಗಳು ರಸ್ತೆಗೆ ಇಳಿದವು. ಮುಂದಿನವರೆಲ್ಲ ನಿಂತರು. ಭಾಲ್ಕಿಯ ಲ್ಯಾಬಿನಲ್ಲಿ ಕೆಲಸ ಮಾಡುವ ಪ್ರಣಾಲಿಯೂ ನಿಂತಳು. ಅವಳ ಹಿಂದಿದ್ದ ಕಾಕಾ ನಿಲ್ಲಲಿಲ್ಲ. ನೇರ ಅವಳ ಮೇಲೆ ಹೋದರು. ಕಾಕಾನಿಗೆ ಮೊಣಕಾಲು ತರಚಿತು, ಅಷ್ಟೇ. ಪ್ರಣಾಲಿಯ ಹೆಗಲಿನ ಎಲುಬು ಮುರಿಯಿತು.

ಯಾರೂ ಅವರನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾವು ವಿದ್ಯಾವಂತರು, ಆದ್ದರಿಂದ ನಿಯಮ ಮಾಡಿದೆವು. ಮುಂದಿನ ಭಾನುವಾರ ಚಹಾದಂಗಡಿಯಲ್ಲಿ ಬಸವಕಿರಣ ಮೆತ್ತಗೆ ಮಾತು ತೆಗೆದ. ತಪ್ಪು ಕಾಕಾನದಲ್ಲ, ಬ್ರೇಕಿನದು. ಮಳೆಯಲ್ಲಿ ರಬ್ಬರು ಜಾರುತ್ತದೆ. ಇನ್ನು ಮುಂದೆ ರಿಮ್ ಬ್ರೇಕ್ ಇರುವವರು ಸಾಲಿನಿಂದ ಐವತ್ತು ಮೀಟರ್ ಹಿಂದೆ ಬರಬೇಕು. ಇರುವವರು ಒಬ್ಬರೇ ಎಂಬುದು ಎಲ್ಲರಿಗೂ ಗೊತ್ತು, ಆದರೂ ಊರಿಗೆಲ್ಲ ಅನ್ವಯಿಸುವಂತೆ ಗಂಭೀರವಾಗಿ ಹೇಳಿದ. ಒಪ್ಪಿದವರು ಕೈ ಎತ್ತಿ ಎಂದ. ನಾನು ಎತ್ತಿದೆ. ನಾಚಿಕೆಯಾಯಿತು, ಆದರೂ ಎತ್ತಿದೆ. ಆಮೇಲೆ ನೋಡಿದರೆ ಕಾಕಾನೂ ಎತ್ತಿದ್ದರು, ಎಡಗೈ.

ರಿಮ್ ಬ್ರೇಕಿನ ಪರವಾಗಿ ನಾಲ್ಕು ವರ್ಷ ವಾದಿಸಿದ ಮನುಷ್ಯ ಅವತ್ತು ಒಂದು ಮಾತೂ ಆಡಲಿಲ್ಲ. ತಪ್ಪಿತಸ್ಥರ ಮೌನ ಅಂದುಕೊಂಡೆ. ಅಂದುಕೊಂಡದ್ದು ಸರಿಯೇ ಇತ್ತು, ಯಾವ ತಪ್ಪು ಎಂಬುದು ಮಾತ್ರ ಗೊತ್ತಿರಲಿಲ್ಲ.

ಎಂಟು ಭಾನುವಾರ ಕಾಕಾ ನಮ್ಮ ಹಿಂದೆ ಬಂದರು. ಒಮ್ಮೆ ಹಾಲಹಳ್ಳಿಯ ಹತ್ತಿರ ನನ್ನ ಚೈನು ಬಿದ್ದು ನಾನು ರಸ್ತೆ ಬದಿ ಬೇವಿನ ಮರದ ಕೆಳಗೆ ಕೂತಿದ್ದೆ. ಸಾಲು ಮುಂದೆ ಹೋಗಿತ್ತು. ಸ್ವಲ್ಪ ಹೊತ್ತಿಗೆ ಕಾಕಾ ಬಂದರು. ನನ್ನನ್ನು ಅವರು ಇನ್ನೂ ನೋಡಿರಲಿಲ್ಲ. ಗುಂಡಿಯೊಂದು ಬಂತು. ಕಾಕಾ ಕುತ್ತಿಗೆ ಸ್ವಲ್ಪ ಹಿಂದೆ ಮಾಡಿ ‘ಖಡ್ಡಾ’ ಎಂದು ಕೂಗಿದರು. ಹಿಂದೆ ಯಾರೂ ಇರಲಿಲ್ಲ, ಬೀದರಿನವರೆಗೆ ಖಾಲಿ ರಸ್ತೆ. ಆಮೇಲೆ ನನ್ನನ್ನು ಕಂಡು, ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಮುಖ ಕೆಳಗೆ ಹಾಕಿದರು. ಚೈನು ಹಾಕಿಕೊಟ್ಟು, ನೀವು ಹೋಗಿ ಸಾಲು ಸೇರಿರಿ ಎಂದರು. ನಾನು ಹೋಗಿ ಸೇರಿದೆ.

ದಸರೆ ಮುಗಿದ ಭಾನುವಾರ ಕಾಕಾ ಡಿಸ್ಕ್ ಸೈಕಲ್ಲಿನಲ್ಲಿ ಬಂದರು. ಬಸವಕಿರಣ ಹೈದರಾಬಾದಿನಿಂದ ಯಾರೋ ಬಳಸಿದ್ದನ್ನು ತರಿಸಿಕೊಟ್ಟಿದ್ದ. ನಾವು ಚಪ್ಪಾಳೆ ತಟ್ಟಿದೆವು. ಕಡೆಗೂ ಸೋತರು ಎಂದು ಬಸವಕಿರಣ ಚುಡಾಯಿಸಿದ, ಕಾಕಾ ನಕ್ಕರು. ಅದೇ ದಿನ ಪ್ರಣಾಲಿಯೂ ಮರಳಿದ್ದಳು. ಕಾಕಾನನ್ನು ಕೈ ಹಿಡಿದು ಕರೆದು ತನ್ನ ಹಿಂದೆಯೇ ನಿಲ್ಲಿಸಿಕೊಂಡಳು. ಒಳ್ಳೆಯ ಹುಡುಗಿ. ಕಾಕಾನ ಹಿಂದೆ ನಾನು. ಎಲ್ಲ ಮೊದಲಿನಂತಾಯಿತು ಎಂದು ಮನಸ್ಸು ಹಗುರವಾಯಿತು.

ಭಾಲ್ಕಿ ದಾರಿಯಲ್ಲಿ ಹತ್ತು ಕಿಲೋಮೀಟರ್ ಆಗಿರಬೇಕು. ಕಾಕಾ ಕಾರಣವಿಲ್ಲದೆ ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟು ಹಿಂದೆ ಉಳಿದರು. ಮತ್ತೆ ಅದೇ ಐವತ್ತು ಮೀಟರ್. ನಾನು ಪ್ರಣಾಲಿಗೆ ಹೇಳಿದೆ. ಇಬ್ಬರೂ ನಿಂತೆವು, ಉಳಿದವರು ಮುಂದೆ ಹೋದರು. ಕಾಕಾ ಬಂದು ಎಡಗೈಯಿಂದ ಬ್ರೇಕ್ ಹಿಡಿದು ಇಳಿದರು. ಬಲಗೈಯನ್ನು ಮುಂದೆ ಚಾಚಿ, ಯಾರದೋ ವಸ್ತುವಿನಂತೆ ಅದನ್ನೇ ನೋಡಿದರು.

“ಅವತ್ತ ನಾ ಈ ಕೈಲಿ ಬ್ರೇಕ್ ಹಿಡದೇ ಇಲ್ಲವ್ವಾ ಪ್ರಣಾಲಿ,” ಎಂದರು. “ಹಿಡದೀನಿ ಅಂತ ತಿಳಕೊಂಡಿದ್ದೆ. ಬೆರಳ ಮಡಚೇ ಇಲ್ಲ, ಎಡಗೈ ಒಂದ ಸಾಲಲಿಲ್ಲ.”

ಮೂವತ್ತೈದು ವರ್ಷ ಗ್ರೈಂಡಿಂಗ್ ಯಂತ್ರದ ನಡುಕ ಆ ಕೈಯ ನರಗಳನ್ನು ತಿಂದಿತ್ತು. ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಅರ್ಧ ಗಂಟೆ ಹ್ಯಾಂಡಲ್ ಹಿಡಿದರೆ ಬೆರಳುಗಳು ಇವೆಯೋ ಇಲ್ಲವೋ ತಿಳಿಯದು. ಹೊಸ ಬ್ರೇಕ್ ಬಂದ ವಾರ ಅವರಿಗೂ ಆಸೆ ಹುಟ್ಟಿತ್ತಂತೆ. ಓಣಿಯಲ್ಲಿ ಒಂದು ಬೆರಳಿಗೆ ಸೈಕಲ್ ನಿಲ್ಲುತ್ತಿತ್ತು. ಎಲ್ಲರೂ ಅನ್ನುವುದು ನಿಜವಿರಬಹುದು, ತಪ್ಪು ಬ್ರೇಕಿನದೇ ಇರಬಹುದು ಎಂದು ಅವರೂ ನಂಬಲು ನೋಡಿದರು. ಇವತ್ತು ಪ್ರಣಾಲಿಯ ಹೆಗಲನ್ನು ನೋಡುತ್ತ ಬರುವಾಗ ಆ ಒಂದು ಬೆರಳೂ ಹೋಯಿತು.

“ಎಲ್ರೂ ಬ್ರೇಕಿಗಿ ಬೈಲತ್ತಾಗ ಯಾಕ ಸುಮ್ನಿದ್ರಿ ಕಾಕಾ?” ಎಂದು ಅವಳು ಕೇಳಿದಳು.

“ಬ್ರೇಕ್ ಅಂದ್ರ ಬದಲಿ ಸಿಗ್ತದವ್ವಾ. ಕೈ ಅಂದ್ರ ನೀವು ಮನ್ಯಾಗ ಕೂಡ್ರು ಅಂತೀರಿ. ನಮ್ಮ ಮನ್ಯಾಗ ಯಾರ ಅದಾರ?”

ಪ್ರಣಾಲಿಗೆ ಸಿಟ್ಟು ಬಂದಿತ್ತು, ಬರಬೇಕಾದ್ದೇ. ಆರು ವಾರ ಅವಳ ತಲೆ ಬಾಚಿದ್ದು ಅವಳ ತಾಯಿ. ಕಡೆಗೆ ಅವಳು ಸೈಕಲ್ ಹತ್ತಿ, ಅವರ ಮುಖ ನೋಡದೆ ಹೇಳಿದಳು:

“ನನ್ನ ಹಿಂದ ಬರಬ್ಯಾಡ್ರಿ ಕಾಕಾ. ಯಾರ ಹಿಂದೂ ಬ್ಯಾಡ್ರಿ. ಮುಂದ ಹೋಗ್ರಿ. ಮುಂದಿದ್ದವರು ಯಾರಿಗೂ ಹಾಯಂಗಿಲ್ಲ.”

ಅದು ಶಿಕ್ಷೆಯೋ ದಯೆಯೋ, ಅವಳಿಗೂ ಗೊತ್ತಿರಲಿಲ್ಲ ಎಂದು ಈಗಲೂ ನನಗೆ ಅನ್ನಿಸುತ್ತದೆ. ಕಾಕಾ ಅದನ್ನು ನೌಕರಿಯ ಆರ್ಡರಿನಂತೆ ತೆಗೆದುಕೊಂಡರು.

ಈಗ ಪ್ರತಿ ಭಾನುವಾರ ಕಾಕಾ ಎಲ್ಲರಿಗಿಂತ ಮುಂದೆ. ಎಡಗೈಯೊಂದರ ಭರವಸೆಯಲ್ಲಿ ಹೋಗುತ್ತಾರೆ. ಎದುರುಗಾಳಿ ಪೂರಾ ಅವರ ಎದೆಗೆ. ಗುಂಪಿನ ಅತಿ ಹಿರಿಯ ಮನುಷ್ಯ ಹುಡುಗರಿಗೂ ಆಗದ ವೇಗದಲ್ಲಿ ತುಳಿಯುತ್ತಾರೆ, ನಾವೆಂಟು ಜನ ಅವರ ನೆರಳಿನಲ್ಲಿ ಸುಖವಾಗಿ ಬರುತ್ತೇವೆ. ಆರು ಕಿಲೋಮೀಟರ್, ಬಹಳವೆಂದರೆ ಏಳು. ಅಷ್ಟಕ್ಕೆ ಉಸಿರು ಮುಗಿಯುತ್ತದೆ. ಪಕ್ಕಕ್ಕೆ ಸರಿಯುತ್ತಾರೆ, ನಾವು ದಾಟುತ್ತೇವೆ. ಉಳಿದ ಮೂವತ್ತು ಕಿಲೋಮೀಟರ್ ಒಬ್ಬರೇ ಬರುತ್ತಾರೆ. ಭಾಲ್ಕಿಯ ಚಹಾದಂಗಡಿಗೆ ಅವರು ಮುಟ್ಟುವ ಹೊತ್ತಿಗೆ ನಾವು ಎದ್ದಿರುತ್ತೇವೆ. ಒಬ್ಬರಿಗೆ ಮಕ್ಕಳ ಟ್ಯೂಷನ್, ಇನ್ನೊಬ್ಬರಿಗೆ ಅಂಗಡಿ.

ಹೋದ ವಾರ ನಾನೊಬ್ಬ ಉಳಿದೆ. ಎರಡು ಚಹಾ ಹೇಳಿದೆ. ಕಾಕಾ ಲೋಟವನ್ನು ಎಡಗೈಯಲ್ಲಿ ಹಿಡಿದು ಕುಡಿದರು. ಅಷ್ಟು ಜೋರಾಗಿ ಯಾಕೆ ತುಳಿಯುತ್ತೀರಿ, ಸಾವಕಾಶ ಹೋದರೆ ಭಾಲ್ಕಿಯವರೆಗೂ ನಮ್ಮ ಜೊತೆಯಲ್ಲೇ ಇರಬಹುದಲ್ಲ ಎಂದು ಕೇಳಿದೆ. ನನಗೆ ಅದು ಬಹಳ ಜಾಣ ಮಾತು ಅನ್ನಿಸಿತ್ತು.

ಕಾಕಾ ಬೇಸರವಿಲ್ಲದೆ, ಯಂತ್ರದ ಕೆಲಸ ಹೇಳಿಕೊಟ್ಟಷ್ಟು ಸಲೀಸಾಗಿ ಹೇಳಿದರು: “ಸಾವಕಾಶ ಹೋದ್ರ ನೀವು ದಾಟಿ ಹೋಗ್ತೀರಿ ಸರ್.”

ಹಾಗೇನಿಲ್ಲ ಕಾಕಾ, ಅನ್ನಬೇಕಿತ್ತು. ಆದರೆ ಅದರ ಹಿಂದಿನ ಭಾನುವಾರ ಊರ ಅಂಚಿನ ನೌಬಾದ ದಾಟಿದ ಮೇಲೆ ಅವರು ತುಸು ನಿಧಾನವಾಗಿದ್ದರು, ನಾವು ದಾಟಿ ಹೋಗಿದ್ದೆವು. ಮೊದಲು ದಾಟಿದವನು ನಾನು.